ಉಪ್ಪು ಬೆರೆತ ನೀರಿನ ಲೆಕ್ಕ



ಕಳೆದ ಕಾರ್ತಿಕ ಮಾಸದಲ್ಲಿ ಹೊನ್ನಾವರ ತಾಲ್ಲೂಕಿನ ಇಡಗುಂಜಿಯಲ್ಲಿ ನಮ್ಮ ಮಿತ್ರರೊಬ್ಬರ ಮಗಳ ಮದುವೆಯಿತ್ತು. ಬಯಲುಸೀಮೆಯವರಾದ ನಮಗೆ ಕರಾವಳಿಯ ಕರೆಯೋಲೆ ಬಂದರೆ ಮನೆಯ ಮಕ್ಕಳೆಲ್ಲ ನಮಗಿಂತ ಮೊದಲೇ ಗಂಟು ಕಟ್ಟಿ ನಿಲ್ಲುತ್ತಾರೆ. ಈ ಸಲವೂ ಹಾಗೆಯೇ ಆಯಿತು. ಇಡಗುಂಜಿ ಶರಾವತಿಯ ಎಡದಂಡೆಯ ಕಡೆಯ ಊರು. ಎಡಭಾಗದ ತೋಟವೆಂಬ ಅರ್ಥದಿಂದಲೇ ಊರಿಗೆ ಆ ಹೆಸರು ಬಂದಿತೆಂದು ಅಲ್ಲಿಯವರು ಹೇಳುತ್ತಾರೆ. ಮದುವೆಯ ಮರುದಿನ ಅಲ್ಲಿಂದ ಹೊನ್ನಾವರಕ್ಕೆ ಬಂದು, ನದಿಯು ಕಡಲನ್ನು ಕೂಡುವ ಅಳಿವೆಯಲ್ಲಿ ದೋಣಿಯೇರಿದೆವು.

ಒಂಬತ್ತನೆಯ ತರಗತಿಯಲ್ಲಿ ಓದುತ್ತಿರುವ ನಮ್ಮ ಮೊಮ್ಮಗ ನೀರಿಗೆ ಬೆರಳದ್ದಿ ನಾಲಿಗೆಗೆ ಹಚ್ಚಿಕೊಂಡು, "ಅಜ್ಜಾ, ಸಮುದ್ರ ಅಲ್ಲೇ ಕಾಣಾಕತ್ತೈತಿ, ಈ ನೀರು ಉಪ್ಪೇ ಇಲ್ಲಲ್ಲ!" ಎಂದ. ದೋಣಿ ನಡೆಸುತ್ತಿದ್ದ ಹಿರಿಯರು ನಕ್ಕು, "ಮೇಲೆ ಹೊಳೆ, ಅಡಿಗೆ ಸಮುದ್ರ, ತಮಾ. ಅಡಿಯ ನೀರು ತೆಗೆದು ಬಾಯಿಗೆ ಹಾಕಿ ನೋಡು, ಆಗ ತಿಳೀತದೆ" ಎಂದರು. ಹುಡುಗ ಕ್ಷಣಕಾಲ ಯೋಚಿಸಿ ನಮ್ಮತ್ತ ತಿರುಗಿದ. "ನೀರು 4 ಡಿಗ್ರಿಗೆ ಅತಿ ಭಾರ ಅಂತ ನಮ್ಮ ಪುಸ್ತಕದಾಗ ಐತಿ. ಸಮುದ್ರದ ನೀರೂ 4 ಡಿಗ್ರಿಗೇ ಭಾರ ಆಗತೈತೇನು ಅಜ್ಜಾ?"

ನೀರು ಯಾವುದಾದರೇನು, ನೀರು ನೀರೇ ಅಲ್ಲವೆ, ಅದಕ್ಕೂ 4 ಡಿಗ್ರಿಯೇ ಎಂದು ನಾವು ಹಿರಿತನದ ಗತ್ತಿನಿಂದ ಹೇಳಿಬಿಟ್ಟೆವು. ಹುಡುಗ ಒಪ್ಪಿಕೊಂಡ. ಊರಿಗೆ ಮರಳಿ ಪುಸ್ತಕಗಳನ್ನು ತೆರೆದು ನೋಡಿದಾಗ ನಾವು ಹೇಳಿದ್ದು ತಪ್ಪೆಂದು ತಿಳಿಯಿತು. ಕಿರಿಯರಿಗೆ ತಪ್ಪು ಹೇಳಿ ಸುಮ್ಮನಿರುವುದು ಸರಿಯಲ್ಲ. ಹುಡುಗನಿಗೆ ಬರೆದ ಪತ್ರದ ವಿಷಯವನ್ನೇ ಈ ತಿಂಗಳ ಅಂಕಣದಲ್ಲಿ ತಮ್ಮೆಲ್ಲರ ಮುಂದೆ ಕೊಂಚ ವಿಸ್ತರಿಸಿ ಇಡುತ್ತಿದ್ದೇವೆ.

ಮೊದಲು ಪಠ್ಯಪುಸ್ತಕದ ಮಾತು. ಸಾಮಾನ್ಯವಾಗಿ ಯಾವ ದ್ರವವೇ ಆಗಲಿ ತಣಿದಂತೆಲ್ಲ ಕುಗ್ಗುತ್ತದೆ. ಕುಗ್ಗಿದಂತೆಲ್ಲ ಅದೇ ಅಳತೆಯ ಪಾತ್ರೆಯಲ್ಲಿ ಹೆಚ್ಚು ತೂಗುತ್ತದೆ. ಈ ಗುಣಕ್ಕೆ ಸಾಂದ್ರತೆ ಎಂದು ಹೆಸರು. ನೀರು ಮಾತ್ರ ಒಂದು ಘಟ್ಟದಲ್ಲಿ ಈ ದಾರಿಯನ್ನು ಬಿಡುತ್ತದೆ. ಸುಮಾರು 4 ಡಿಗ್ರಿ ಸೆಲ್ಸಿಯಸ್‌ವರೆಗೆ ಕುಗ್ಗುತ್ತ ಬಂದ ಶುದ್ಧ ನೀರು ಅಲ್ಲಿಂದ ಕೆಳಗೆ ತಣಿದರೆ ಹಿಗ್ಗತೊಡಗುತ್ತದೆ. ಎಡಿನ್‌ಬರೋದಲ್ಲಿ ಪ್ರಾಧ್ಯಾಪಕರಾಗಿದ್ದ ಥಾಮಸ್ ಹೋಪ್ ಎಂಬವರು ಇದನ್ನು 1805ರಲ್ಲಿ ಬಹು ಸರಳವಾದ ಪ್ರಯೋಗದಿಂದ ತೋರಿಸಿಕೊಟ್ಟರು. ಎತ್ತರದ ಪಾತ್ರೆಯಲ್ಲಿ ನೀರು ತುಂಬಿ, ನಡುವಿಗೆ ಮಂಜುಗಡ್ಡೆಯ ಪಟ್ಟಿ ಕಟ್ಟಿ, ಮೇಲೊಂದು ಕೆಳಗೊಂದು ಉಷ್ಣಮಾಪಕವಿಟ್ಟರೆ, ಕೆಳಗಿನದು 4 ಡಿಗ್ರಿಗೆ ಇಳಿದು ಅಲ್ಲಿಯೇ ನಿಲ್ಲುತ್ತದೆ. ಮೇಲಿನದು ಅನಂತರ ಸೊನ್ನೆಯತ್ತ ಸಾಗುತ್ತದೆ. ಶಾಲೆಗಳಲ್ಲಿ ಇಂದಿಗೂ ಈ ಪ್ರಯೋಗವನ್ನು ಪಾಠ ಮಾಡುತ್ತಾರೆ. ಶೀತದೇಶದ ಕೆರೆ ಮೇಲಿನಿಂದ ಹೆಪ್ಪುಗಟ್ಟುವುದಕ್ಕೂ, ಮಂಜಿನ ಹೊದಿಕೆಯ ಅಡಿಯಲ್ಲಿ ಮೀನುಗಳು ಚಳಿಗಾಲ ಕಳೆಯುವುದಕ್ಕೂ ಇದೇ ಕಾರಣ. ಭಾರವಾದ 4 ಡಿಗ್ರಿಯ ನೀರು ತಳದಲ್ಲಿ ಕುಳಿತಿರುತ್ತದೆ, ಅದಕ್ಕಿಂತ ತಣ್ಣಗಾದದ್ದು ಹಗುರಾಗಿ ಮೇಲೆಯೇ ಉಳಿದು ಗಡ್ಡೆಯಾಗುತ್ತದೆ.

ನಮ್ಮ ಬಹುಪಾಲು ಪಠ್ಯಗಳು ಇಲ್ಲಿಗೆ ನಿಂತುಬಿಡುತ್ತವೆ. 'ಶುದ್ಧ' ಎಂಬ ಪದವನ್ನು ಕೆಲವರು ಬರೆಯುತ್ತಾರೆ, ಕೆಲವರು ಬಿಡುತ್ತಾರೆ. ಬರೆದರೂ ಓದುವ ಮಗು ಅದನ್ನು ಲಕ್ಷಿಸುವುದಿಲ್ಲ. ಲಕ್ಷಿಸದೆ ಮುಪ್ಪಾದವರೂ ಉಂಟು. ನಾವೇ ಅದಕ್ಕೆ ಸಾಕ್ಷಿ.

ನೀರಿಗೆ ಉಪ್ಪು ಬೆರೆತರೆ ಈ 4 ಡಿಗ್ರಿಯ ಗೆರೆ ಕೆಳಗೆ ಜಾರುತ್ತದೆ. ಎಷ್ಟು ಉಪ್ಪೋ ಅಷ್ಟು ಇಳಿತ. ಲೀಟರಿಗೆ ಒಂದು ಗ್ರಾಂ ಉಪ್ಪು ಹಾಕಿದರೆ ಸರಿಸುಮಾರು ಡಿಗ್ರಿಯ ಐದನೆಯ ಒಂದು ಭಾಗದಷ್ಟು ಇಳಿಯುತ್ತದೆಂದು ಸ್ಥೂಲವಾಗಿ ಹಿಡಿಯಬಹುದು. ಅಡುಗೆಮನೆಯ ಭಾಷೆಯಲ್ಲಿ ಹೇಳುವುದಾದರೆ, ಒಂದು ಲೀಟರ್ ನೀರಿಗೆ ಒಂದು ಚಹಾ ಚಮಚ ಉಪ್ಪು, ಅಂದರೆ ಸುಮಾರು 6 ಗ್ರಾಂ ಹಾಕಿ ಕದಡಿದರೆ, ಆ ನೀರು ಅತಿ ಭಾರವಾಗುವುದು 4 ಡಿಗ್ರಿಯಲ್ಲಲ್ಲ, ಹೆಚ್ಚುಕಡಿಮೆ 2.7 ಡಿಗ್ರಿಯಲ್ಲಿ. ಇಳಿತವು ಕರಗಿದ ವಸ್ತುವಿನ ಪ್ರಮಾಣಕ್ಕೆ ಅನುಗುಣವಾಗಿರುತ್ತದೆ ಎಂಬ ನಿಯಮವನ್ನು ಫ್ರಾನ್ಸಿನ ಭೌತವಿಜ್ಞಾನಿ ಸೀಸರ್ ದೆಪ್ರೆ ಎಂಬವರು 1830ರ ದಶಕದ ಕೊನೆಯಲ್ಲಿ ಪ್ರಕಟಿಸಿದರು. ಅವರು ಉಪ್ಪಿನ ನೀರನ್ನಷ್ಟೇ ಅಲ್ಲ, ಬೇರೆ ಲವಣಗಳ ಮತ್ತು ಗಂಧಕಾಮ್ಲದ ದ್ರಾವಣಗಳನ್ನೂ ಅಳೆದು ನೋಡಿದ್ದರು.

ಉಪ್ಪು ಹಾಕಿದರೆ ನೀರು ಹೆಪ್ಪುಗಟ್ಟುವ ಉಷ್ಣತೆಯೂ ಇಳಿಯುತ್ತದೆಂಬುದು ತಮಗೆ ತಿಳಿದದ್ದೇ. ಕುಲ್ಫಿ ಮಾರುವವನು ಮಂಜುಗಡ್ಡೆಯ ಮೇಲೆ ಹಿಡಿಹಿಡಿಯಾಗಿ ಉಪ್ಪು ಸುರಿಯುವುದು ಅದಕ್ಕಾಗಿಯೇ. ಆದರೆ ಎರಡು ಇಳಿತಗಳ ವೇಗ ಒಂದೇ ಅಲ್ಲ. ಹೆಪ್ಪುಗಟ್ಟುವ ಗೆರೆ ಒಂದು ಹೆಜ್ಜೆ ಇಳಿದರೆ ಗರಿಷ್ಠ ಸಾಂದ್ರತೆಯ ಗೆರೆ ಸುಮಾರು ನಾಲ್ಕು ಹೆಜ್ಜೆ ಇಳಿಯುತ್ತದೆ. ಸೊನ್ನೆಯಿಂದ ಹೊರಟ ನಿಧಾನಿಯನ್ನು 4 ಡಿಗ್ರಿಯಿಂದ ಹೊರಟ ಅವಸರದವನು ಎಲ್ಲಿಯೋ ಒಂದೆಡೆ ಹಿಂದೆ ಹಾಕಲೇಬೇಕು. ಆ ಎಡೆ ಯಾವುದೆಂದರೆ, ಕಡಲ ಲವಣಗಳು ಕಿಲೋಗ್ರಾಂ ನೀರಿಗೆ 24.7 ಗ್ರಾಂ ಇರುವ ಸ್ಥಿತಿ. ಅಲ್ಲಿ ಎರಡೂ ಗೆರೆಗಳು ಸೊನ್ನೆಗಿಂತ 1.3 ಡಿಗ್ರಿ ಕೆಳಗೆ ಒಂದಾಗುತ್ತವೆ. ಅದಕ್ಕಿಂತ ಕಡಿಮೆ ಉಪ್ಪಿನ ನೀರು ಕೆರೆಯಂತೆ ವರ್ತಿಸುತ್ತದೆ; ಹೆಚ್ಚು ಉಪ್ಪಿನದು ಕಡಲಿನಂತೆ ವರ್ತಿಸುತ್ತದೆ.

ಮಹಾಸಾಗರಗಳ ನೀರಿನಲ್ಲಿ ಕಿಲೋಗ್ರಾಮಿಗೆ ಸುಮಾರು 35 ಗ್ರಾಂ ಲವಣಗಳಿವೆ. ಅದು ಹೆಪ್ಪುಗಟ್ಟುವುದು ಸೊನ್ನೆಗಿಂತ 1.9 ಡಿಗ್ರಿ ಕೆಳಗೆ. ಅತಿ ಭಾರವಾಗಬೇಕಾದ ಉಷ್ಣತೆಯೋ ಸೊನ್ನೆಗಿಂತ 3.5 ಡಿಗ್ರಿ ಕೆಳಗಿದೆ. ಅಲ್ಲಿಗೆ ತಲುಪುವ ಮೊದಲೇ ನೀರು ಗಡ್ಡೆಯಾಗಿರುತ್ತದೆ! ಹಾಗಾದರೆ ಅಂಥ ಗೆರೆಯೊಂದಿದೆಯೆಂದು ಕಂಡುಕೊಂಡದ್ದಾದರೂ ಹೇಗೆ? ತೀರ ಕಿರಿದಾದ ಗಾಜಿನ ನಳಿಗೆಯಲ್ಲಿ ಅಲುಗಿಸದೆ ತಣಿಸಿದರೆ ನೀರು ಹೆಪ್ಪುಗಟ್ಟುವ ಗೆರೆಯನ್ನು ದಾಟಿಯೂ ಕೆಲಕಾಲ ದ್ರವವಾಗಿಯೇ ಉಳಿಯುತ್ತದೆ. ಆ ಅಲ್ಪ ಬಿಡುವಿನಲ್ಲಿ ಅಳತೆ ಮಾಡಿದರು. ಎಂಥ ತಾಳ್ಮೆ ಬೇಕಾಗಿರಬಹುದೆಂದು ಯೋಚಿಸಿದರೆ ನಮಗೆ ಕೈಮುಗಿಯಬೇಕೆನಿಸುತ್ತದೆ.

ಇಷ್ಟರ ಫಲವೇನು? ಕಡಲ ಮೇಲ್ಮೈ ನೀರು ತಣಿಯುತ್ತ ಹೋದಂತೆ ಭಾರವಾಗುತ್ತಲೇ ಹೋಗುತ್ತದೆ, ಮುಳುಗುತ್ತಲೇ ಇರುತ್ತದೆ. ಕೆರೆಯ ನೀರಿಗೆ 4 ಡಿಗ್ರಿಯಲ್ಲಿ ಸಿಗುವ ನಿಲುಗಡೆ ಕಡಲಿಗೆ ಸಿಗುವುದಿಲ್ಲ. ಹೆಪ್ಪುಗಟ್ಟುವಾಗ ಮಂಜುಗಡ್ಡೆಯು ಉಪ್ಪನ್ನು ಬಹುಮಟ್ಟಿಗೆ ಹೊರದೂಡುವುದರಿಂದ ಅದರ ಅಡಿಯ ನೀರು ಇನ್ನಷ್ಟು ಉಪ್ಪಾಗಿ ಇನ್ನಷ್ಟು ಭಾರವಾಗುತ್ತದೆ. ಧ್ರುವಪ್ರದೇಶದಲ್ಲಿ ಹೀಗೆ ಮುಳುಗಿದ ಶೀತಲ ಜಲ ತಳವನ್ನು ಹಿಡಿದು ಸಾವಿರಾರು ಮೈಲಿ ಹರಿಯುತ್ತದೆ. ಹೊನ್ನಾವರದ ತೀರದಲ್ಲಿ ಬೆಚ್ಚಗೆ ಕಾಲು ತೊಳೆಯುವ ಅರಬ್ಬೀ ಸಮುದ್ರದ ಅಗಾಧ ತಳದಲ್ಲಿ ನೀರು 2 ಡಿಗ್ರಿಯ ಆಸುಪಾಸಿನಲ್ಲಿರುವುದು ಈ ಕಾರಣದಿಂದ. ಕಡಲ ನೀರೂ 4 ಡಿಗ್ರಿಯಲ್ಲಿಯೇ ಅತಿ ಭಾರವಾಗುತ್ತಿದ್ದರೆ ಅದಕ್ಕಿಂತ ತಣ್ಣಗಿನ ನೀರಿಗೆ ತಳದಲ್ಲಿ ನೆಲೆಯೇ ಇರುತ್ತಿರಲಿಲ್ಲ. ಕೇರಳದಾಚೆಯ ಕಡಲಿನಲ್ಲಾಗಲಿ ಕಾರವಾರದ ಮುಂದಿನ ಕಡಲಿನಲ್ಲಾಗಲಿ ಯಾರೂ ಮಂಜುಗಡ್ಡೆ ಕಂಡಿಲ್ಲ. ಆದರೂ ಮಂಜುಗಡ್ಡೆಯ ನಾಡಿನ ನೀರು ಆ ಕಡಲ ಅಡಿಯಲ್ಲಿದೆ.

ಇಲ್ಲಿ ನಮ್ಮ ತಪ್ಪಿಗೊಂದು ಸಮಾಧಾನ ಸಿಕ್ಕಿತೆಂಬುದನ್ನು ಮುಚ್ಚಿಡುವುದಿಲ್ಲ. ದೋಣಿಯಲ್ಲಿ ನಾವು ಆಡಿದ ಮಾತನ್ನೇ ನೂರೆಂಬತ್ತು ವರ್ಷಗಳ ಹಿಂದೆ ಮಹಾನಾವಿಕರೊಬ್ಬರು ನಂಬಿದ್ದರು. 1839ರಿಂದ 1843ರವರೆಗೆ ದಕ್ಷಿಣಧ್ರುವದ ಸಮುದ್ರಗಳಲ್ಲಿ ಸಂಚರಿಸಿದ ಜೇಮ್ಸ್ ಕ್ಲಾರ್ಕ್ ರಾಸ್ ಅವರು ಆಳದ ನೀರಿನ ಉಷ್ಣತೆಯನ್ನು ಅಳೆದು, ಸಾಗರದ ಆಳವೆಲ್ಲ ಸುಮಾರು 4 ಡಿಗ್ರಿಯಲ್ಲಿಯೇ ಇರುತ್ತದೆಂದು ತೀರ್ಮಾನಿಸಿದರು. ಆಳದ ಒತ್ತಡಕ್ಕೆ ಸಿಲುಕಿದ ಉಷ್ಣಮಾಪಕದ ಬುರುಡೆ ಅಮುಕಲ್ಪಟ್ಟು ಹೆಚ್ಚು ಉಷ್ಣತೆಯನ್ನು ತೋರಿಸುತ್ತಿತ್ತು. ಸಿಹಿನೀರಿನ ನಿಯಮವನ್ನು ಬಲ್ಲವರಿಗೆ ಆ ಅಂಕಿ ಸಹಜವಾಗಿಯೇ ಕಂಡಿತು. ಸೋಜಿಗವೆಂದರೆ, ಉಪ್ಪುನೀರು ಹೆಪ್ಪುಗಟ್ಟುವವರೆಗೂ ಕುಗ್ಗುತ್ತದೆಂದು ಅಲೆಕ್ಸಾಂಡರ್ ಮಾರ್ಸೆ ಎಂಬ ವೈದ್ಯರು 1819ರಲ್ಲಿಯೇ ತೋರಿಸಿದ್ದರು. ಪುಸ್ತಕದಲ್ಲಿದ್ದ ಸತ್ಯ ಹಡಗಿಗೆ ತಲುಪಿರಲಿಲ್ಲ! 1868-69ರಲ್ಲಿ ಬ್ರಿಟಿಷ್ ಹಡಗುಗಳು ಸ್ಕಾಟ್ಲೆಂಡಿನ ಉತ್ತರದ ಕಡಲಾಳದಲ್ಲಿ ಸೊನ್ನೆಗಿಂತ ಕೆಳಗಿನ ನೀರನ್ನು ಕಂಡ ಮೇಲೆ ಆ ನಂಬಿಕೆ ಬಿದ್ದುಹೋಯಿತು.

ಇನ್ನು ಉಪ್ಪು ಈ ಕೆಲಸವನ್ನು ಹೇಗೆ ಮಾಡುತ್ತದೆ? ಕೋಲಾಟದ ಹುಡುಗರನ್ನು ನೆನೆಯಿರಿ. ಸುಮ್ಮನೆ ಒತ್ತಾಗಿ ನಿಂತರೆ ಅವರಿಗೆ ಬೇಕಾಗುವ ಅಂಗಳ ಕಿರಿದು. ವೃತ್ತ ಕಟ್ಟಿ ಕೋಲು ಚಾಚಿ ನಿಂತರೆ ದೊಡ್ಡ ಅಂಗಳ ಬೇಕು. ನೀರಿನ ಅಣುಗಳೂ ಅಂತೆಯೇ. ತಣಿದಂತೆ ಒಂದು ಕಡೆ ಅವು ಪರಸ್ಪರ ಹತ್ತಿರ ಸರಿಯುತ್ತವೆ, ಇನ್ನೊಂದು ಕಡೆ ನೆರೆಯ ಅಣುಗಳೊಡನೆ ಕೈಜೋಡಿಸಿ ಪೊಳ್ಳಾದ ಹಂದರ ಕಟ್ಟತೊಡಗುತ್ತವೆ. ಆ ಹಂದರ ಪೂರ್ಣವಾದಾಗ ಅದೇ ಮಂಜುಗಡ್ಡೆ. 4 ಡಿಗ್ರಿಯಲ್ಲಿ ಈ ಎರಡು ಎಳೆತಗಳು ಸರಿಸಮ. ಉಪ್ಪು ಕರಗಿದಾಗ ಅದು ಸೋಡಿಯಂ ಮತ್ತು ಕ್ಲೋರಿನ್ನಿನ ವಿದ್ಯುದ್ಭರಿತ ಕಣಗಳಾಗಿ ಒಡೆದು, ಆಟದ ನಡುವೆ ನುಗ್ಗಿದ ಅಪರಿಚಿತರಂತೆ ಅಣುಗಳನ್ನು ತಮ್ಮ ಸುತ್ತ ಸೆಳೆದುಕೊಳ್ಳುತ್ತದೆ. ಹಂದರ ಕಟ್ಟುವ ಕೆಲಸಕ್ಕೆ ಭಂಗ ಬರುತ್ತದೆ. ಅದು ಮೇಲುಗೈ ಪಡೆಯಬೇಕಾದರೆ ಇನ್ನೂ ಹೆಚ್ಚು ಚಳಿ ಬೇಕಾಗುತ್ತದೆ.

ಆಮ್ಲಗಳ ವಿಷಯವೂ ಇದೇ ತೆರನಾದದ್ದು, ಆದರೆ ಏಟು ಒಂದೇ ಸಮನಲ್ಲ. ಹೈಡ್ರೋಕ್ಲೋರಿಕ್ ಆಮ್ಲದ ಕಣಗಳನ್ನು ಅಡುಗೆ ಉಪ್ಪಿನಷ್ಟೇ ಸಂಖ್ಯೆಯಲ್ಲಿ ಬೆರೆಸಿದರೆ, ಗರಿಷ್ಠ ಸಾಂದ್ರತೆಯ ಗೆರೆ ಇಳಿಯುವುದು ಉಪ್ಪು ಇಳಿಸಿದ್ದರ ಅರ್ಧಕ್ಕಿಂತ ಕಡಿಮೆ. ಎರಡರಲ್ಲಿಯೂ ಕ್ಲೋರಿನ್ನಿನ ಪಾಲು ಒಂದೇ ಆದ್ದರಿಂದ ವ್ಯತ್ಯಾಸಕ್ಕೆ ಕಾರಣ ಜೊತೆಗಾರನದು: ಸೋಡಿಯಂ ಮಾಡುವಷ್ಟು ಭಂಗವನ್ನು ಆಮ್ಲದ ಹೈಡ್ರೋಜನ್ ಮಾಡುವುದಿಲ್ಲ. ಪ್ರಬಲವಾಗಿ ಒಡೆಯುವ ಲವಣಗಳಲ್ಲಿ ಎರಡು ಬಗೆಯ ಕಣಗಳೂ ತಮ್ಮ ತಮ್ಮ ಪಾಲನ್ನು ಬೇರೆಬೇರೆಯಾಗಿ ಸಲ್ಲಿಸುತ್ತವೆಂಬುದನ್ನು ರಾಬರ್ಟ್ ರೈಟ್ ಎಂಬವರು 1919ರಲ್ಲಿ ಬರೆದಿದ್ದಾರೆ. ಎಲ್ಲ ಪದಾರ್ಥಗಳೂ ಗೆರೆಯನ್ನು ಇಳಿಸುತ್ತವೆಂದೂ ತಿಳಿಯಬೇಕಿಲ್ಲ. ಅತ್ಯಲ್ಪ ಮದ್ಯಸಾರ ಬೆರೆತರೆ ಅದು ತುಸು ಮೇಲೇರುವುದುಂಟು. ಮದ್ಯದ ಪರವಾಗಿ ಈ ಅಂಕಣದಲ್ಲಿ ಬಂದ ಮಾತು ಇದೊಂದೇ ಇರಬೇಕು.

ಆಮ್ಲದ ನೀರು ನಮ್ಮ ಮನೆಗಳಲ್ಲಿ ಎಲ್ಲಿದೆಯೆಂದರೆ, ಇನ್ವರ್ಟರಿನ ಬ್ಯಾಟರಿಯಲ್ಲಿದೆ. ಅದನ್ನು ಪರೀಕ್ಷಿಸಲು ಬರುವವನು ಗಾಜಿನ ಹೈಡ್ರೋಮೀಟರನ್ನು ಇಳಿಬಿಟ್ಟು ಅಂಕಿ ಓದುವುದನ್ನು ತಾವು ಕಂಡಿರಬಹುದು. ಹಾಲಿನ ಸಂಘದ ಲ್ಯಾಕ್ಟೋಮೀಟರಿನ ಸೋದರನೇ ಅದು. ಪೂರ್ತಿ ವಿದ್ಯುತ್ ತುಂಬಿದ ಬ್ಯಾಟರಿಯ ದ್ರಾವಣ ನೀರಿಗಿಂತ ಸುಮಾರು 1.28 ಪಟ್ಟು ತೂಗುತ್ತದೆ, ಅದು ಹೆಪ್ಪುಗಟ್ಟಬೇಕಾದರೆ ಸೊನ್ನೆಗಿಂತ 60 ಡಿಗ್ರಿಗೂ ಕೆಳಗೆ ಇಳಿಯಬೇಕು. ವಿದ್ಯುತ್ ಬಹಳ ಮಟ್ಟಿಗೆ ಖಾಲಿಯಾದಾಗ ಆಮ್ಲ ತೆಳುವಾಗಿ, ಸೊನ್ನೆಗಿಂತ 10 ಡಿಗ್ರಿ ಕೆಳಗಿನ ಚಳಿಯಲ್ಲಿಯೇ ಹೆಪ್ಪುಗಟ್ಟಿ ಪೆಟ್ಟಿಗೆಯನ್ನು ಒಡೆಯಬಲ್ಲದು. ಲಡಾಖಿನಂಥ ಗಡಿಯಲ್ಲಿ ಸೇವೆ ಸಲ್ಲಿಸುವ ನಮ್ಮ ಯೋಧರ ಮನೆಗಳವರು ಈ ಕಷ್ಟವನ್ನು ಕೇಳಿ ಬಲ್ಲರು. ಅಲ್ಲಿನ ಪ್ಯಾಂಗಾಂಗ್ ಸರೋವರದ ನೀರು ಉಪ್ಪುಪ್ಪಾದದ್ದು. ಆದರೂ ಚಳಿಗಾಲದಲ್ಲಿ ಹೆಪ್ಪುಗಟ್ಟಿ ನಿಲ್ಲುತ್ತದೆ.

ಇನ್ನು ನಮ್ಮ ಕರಾವಳಿಯ ಮಾತು. ಶರಾವತಿಯ ಅಳಿವೆಯ ನೀರು ಎಂದೂ 4 ಡಿಗ್ರಿಯ ಹತ್ತಿರ ಸುಳಿಯುವುದಿಲ್ಲ. ಹಾಗಿದ್ದ ಮೇಲೆ ಈ ಲೆಕ್ಕ ಅಲ್ಲಿಯವರಿಗೇಕೆ ಎಂದು ಕೇಳಬಹುದು. ದೋಣಿಯ ಹಿರಿಯರ ಮಾತಿನಲ್ಲಿ ಉತ್ತರವಿದೆ. 30 ಡಿಗ್ರಿಯ ಒಂದು ಲೀಟರ್ ಸಿಹಿನೀರು ಸುಮಾರು 996 ಗ್ರಾಂ ತೂಗುತ್ತದೆ. ಅದನ್ನು 4 ಡಿಗ್ರಿಗೆ ತಣಿಸಿದರೆ ಅದೇ ಅಳತೆಗೆ ಹೆಚ್ಚುವುದು ನಾಲ್ಕು ಗ್ರಾಂ ಚಿಲ್ಲರೆ. 30 ಡಿಗ್ರಿಯಲ್ಲಿಯೇ ಇರುವ ಕಡಲ ನೀರಾದರೋ ಲೀಟರಿಗೆ ಸುಮಾರು 1022 ಗ್ರಾಂ ತೂಗುತ್ತದೆ. ಇಪ್ಪತ್ತಾರು ಡಿಗ್ರಿಗಳ ಚಳಿಯು ಮಾಡಬಲ್ಲ ಕೆಲಸವನ್ನು ಒಂದು ಚಮಚ ಉಪ್ಪು ಮಾಡುತ್ತದೆ. ಅಳಿವೆಯಲ್ಲಿ ಯಾರು ಮೇಲೆ, ಯಾರು ಕೆಳಗೆ ಎಂಬುದನ್ನು ತೀರ್ಮಾನಿಸುವುದು ಬಿಸಿಲಲ್ಲ, ಉಪ್ಪು. ಭರತದ ವೇಳೆ ಕಡಲ ನೀರು ತಳ ಹಿಡಿದು ಒಳನಾಡಿನತ್ತ ನುಗ್ಗುತ್ತದೆ. ಹೊಳೆಯ ನೀರು ಅದರ ಬೆನ್ನಿನ ಮೇಲೆ ಹೊರಕ್ಕೆ ಹರಿಯುತ್ತದೆ.

ಈ ಪದರಗಳ ಮೇಲೆಯೇ ಅಲ್ಲಿಯ ಬದುಕು ನಿಂತಿದೆ. ಕುಮಟಾ ತಾಲ್ಲೂಕಿನಲ್ಲಿ ಕಡಲು ಸೇರುವ ಅಘನಾಶಿನಿಗೆ ದೊಡ್ಡ ಅಣೆಕಟ್ಟಿಲ್ಲ. ಮಳೆಗಾಲದಲ್ಲಿ ಅಲ್ಲಿ ಸಿಹಿನೀರಿನ ದೊರೆತನ, ಬೇಸಿಗೆಯಲ್ಲಿ ಉಪ್ಪುನೀರಿನದು. ಆ ಏರಿಳಿತಕ್ಕೆ ಹೊಂದಿಕೊಂಡೇ ಗಜನಿ ಭೂಮಿಯಲ್ಲಿ ಉಪ್ಪು ತಾಳುವ ಕಗ್ಗ ಭತ್ತ ಬೆಳೆಯಿತು, ಚಿಪ್ಪಿಕಲ್ಲು ಆಯುವವರ ಹೊಟ್ಟೆ ತುಂಬಿತು. ಅದೇ ಅಳಿವೆಯ ದಂಡೆಯ ಸಾಣಿಕಟ್ಟಾದ ಆಗರಗಳಲ್ಲಿ ಭರತದ ನೀರನ್ನು ಕಟ್ಟಿ ಬಿಸಿಲಿಗೆ ಬಿಡುತ್ತಾರೆ. ನೀರು ಹತ್ತರಲ್ಲೊಂದು ಪಾಲಿಗೆ ಇಳಿದಾಗ ಉಪ್ಪಿನ ಹರಳು ಕಾಣತೊಡಗುತ್ತದೆ, ಆ ವೇಳೆಗೆ ಲೀಟರ್ ನೀರು 1200 ಗ್ರಾಮಿಗೂ ಹೆಚ್ಚು ತೂಗುತ್ತದೆ. ಅಷ್ಟು ಗಟ್ಟಿಯಾದ ಉಪ್ಪುನೀರಿಗೆ ಗರಿಷ್ಠ ಸಾಂದ್ರತೆಯ ಗೆರೆಯೆಂಬುದೇ ಉಳಿದಿರುವುದಿಲ್ಲ. ಹೆಪ್ಪುಗಟ್ಟುವುದಕ್ಕೂ ಸೊನ್ನೆಗಿಂತ 21 ಡಿಗ್ರಿ ಕೆಳಗೆ ಇಳಿಯಬೇಕು. ಕುಲ್ಫಿಯ ಗಡಿಗೆಯ ಕೊನೆಯ ಮೆಟ್ಟಿಲೂ ಅದೇ.

ಶರಾವತಿಯ ಕಥೆ ಬೇರೆ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದ ಮೇಲೆ ನದಿಯ ನೀರು ವಿದ್ಯುತ್ ಚಕ್ರಗಳನ್ನು ತಿರುಗಿಸಿ ವರ್ಷದುದ್ದಕ್ಕೂ ಕೆಳಗೆ ಬರುತ್ತದೆ. ಬೇಸಿಗೆಯಲ್ಲಿಯೂ ಸಿಹಿನೀರಿನ ಬಲ ಕುಗ್ಗುವುದಿಲ್ಲ. ಅಳಿವೆಯ ಉಪ್ಪು ಹೀಗೆ ತೆಳುವಾದುದರಿಂದ ಅಲ್ಲಿಯ ಚಿಪ್ಪಿಕಲ್ಲುಗಳು ಬಹುಮಟ್ಟಿಗೆ ಇಲ್ಲವಾದವೆಂದು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪರಿಸರ ವಿಜ್ಞಾನಿಗಳು ಎರಡು ಅಳಿವೆಗಳನ್ನೂ ಅಭ್ಯಸಿಸಿ ಬರೆದಿದ್ದಾರೆ. ಮೊಮ್ಮಗನ ನಾಲಿಗೆಗೆ ಉಪ್ಪು ತಾಗದಿದ್ದುದರ ಹಿಂದೆ ಇಷ್ಟೆಲ್ಲ ಇತ್ತು. ವಿದ್ಯುತ್ತು ಬೇಡವೆನ್ನುವ ಧೈರ್ಯ ನಮಗಿಲ್ಲ. ಈ ಬರಹಕ್ಕೆ ಬೆಳಕು ಕೊಟ್ಟದ್ದೂ ಶರಾವತಿಯೇ ಇರಬಹುದು. ಆದರೆ ಅಳಿವೆಗೆ ಎಷ್ಟು ಸಿಹಿನೀರು ಬಿಡಬೇಕು, ಯಾವಾಗ ಬಿಡಬೇಕೆಂದು ಕುಳಿತು ಲೆಕ್ಕ ಹಾಕುವವರು ದೋಣಿಯವರನ್ನೂ ಒಂದು ಮಾತು ಕೇಳಬೇಕೆಂದು ನಮಗೆ ಅನಿಸುತ್ತದೆ.

ಮನೆಯಲ್ಲಿ ಮಕ್ಕಳು ಮಾಡಿ ನೋಡಬಹುದಾದ ಒಂದು ಪ್ರಯೋಗವನ್ನು ಹೇಳುತ್ತೇವೆ. ಉಪ್ಪುನೀರಿನ ಭಾರವನ್ನು ತೋರಿಸಲು ಪುಸ್ತಕಗಳು ಮೊಟ್ಟೆ ತೇಲಿಸಲು ಹೇಳುತ್ತವೆ. ನಮ್ಮ ಮನೆಗಳಿಗೆ ಆಲೂಗಡ್ಡೆ ಸಾಕು, ಅದೂ ಸಿಹಿನೀರಿನಲ್ಲಿ ಮುಳುಗಿ ಗಟ್ಟಿ ಉಪ್ಪುನೀರಿನಲ್ಲಿ ತೇಲುತ್ತದೆ. ಪ್ರಯೋಗ ಅದಲ್ಲ. ಫ್ರಿಜ್ಜಿನಲ್ಲಿ ನೀರಿಗೆ ಸಿಹಿತಿಂಡಿಯ ಬಣ್ಣ ಬೆರೆಸಿ ಮಂಜಿನ ತುಂಡುಗಳನ್ನು ಕಟ್ಟಿಸಿರಿ. ಎರಡು ಗಾಜಿನ ಲೋಟಗಳಲ್ಲಿ ಸಮನಾಗಿ ನೀರು ತುಂಬಿ, ಒಂದಕ್ಕೆ ಎರಡು ಚಮಚ ಉಪ್ಪು ಹಾಕಿ ಕರಗಿಸಿ, ಸ್ವಲ್ಪ ಹೊತ್ತು ಬಿಟ್ಟು ಎರಡಕ್ಕೂ ಒಂದೊಂದು ತುಂಡನ್ನು ಮೆಲ್ಲಗೆ ಬಿಡಿರಿ. ಕಲಕಬಾರದು. ಸಿಹಿನೀರಿನ ಲೋಟದಲ್ಲಿ ಕರಗಿದ ಬಣ್ಣದ ನೀರು ತಣ್ಣಗಿರುವುದರಿಂದ ಎಳೆಎಳೆಯಾಗಿ ತಳಕ್ಕೆ ಇಳಿಯುತ್ತದೆ; ಬೆಚ್ಚನೆಯ ನೀರು ಮೇಲೆ ಬಂದು ತುಂಡನ್ನು ಬೇಗ ಕರಗಿಸುತ್ತದೆ. ಉಪ್ಪುನೀರಿನ ಲೋಟದಲ್ಲಿ ಬಣ್ಣದ ನೀರು ಎಷ್ಟು ತಣ್ಣಗಿದ್ದರೂ ಉಪ್ಪಿಲ್ಲದ ಕಾರಣ ಹಗುರ. ಅದು ಮೇಲೆಯೇ ಹಾಸಿಗೆ ಹಾಸಿದಂತೆ ನಿಂತು, ತನ್ನ ತುಂಡಿಗೆ ತಾನೇ ತಂಪು ಕಾಯುತ್ತದೆ. ಶರಾವತಿಯ ಅಳಿವೆಯೇ ಲೋಟಕ್ಕೆ ಇಳಿದು ಬಂದಂತೆ.

ಪತ್ರ ತಲುಪಿದ ವಾರದಲ್ಲಿಯೇ ಹುಬ್ಬಳ್ಳಿಯಿಂದ ಮೊಮ್ಮಗನ ದೂರವಾಣಿ ಬಂದಿತು. ಸಿಹಿನೀರಿನ ತುಂಡು 12 ನಿಮಿಷಗಳಲ್ಲಿ ಕರಗಿತಂತೆ. ಉಪ್ಪುನೀರಿನದಕ್ಕೆ 27 ನಿಮಿಷ ಕಾಯುವಷ್ಟರಲ್ಲಿ ಅವನ ತಂಗಿ ಲೋಟಕ್ಕೆ ಚಮಚ ಹಾಕಿ ಕಲಕಿಬಿಟ್ಟಳಂತೆ. "ಅಜ್ಜಾ, ದೋಣಿಯಾಗ ನೀವು ತಪ್ಪು ಹೇಳಿದ್ರಿ" ಎಂದ. ಹೌದು ಮಗಾ ಎಂದೆವು. ನಿಂಬೆಹುಳಿ ಹಿಂಡಿದ ನೀರಿನಲ್ಲಿ ಇಟ್ಟರೆ ಎಷ್ಟು ನಿಮಿಷವಾದೀತು ಎಂಬುದು ಅವನ ಮುಂದಿನ ಪ್ರಶ್ನೆ. ಈ ಸಲ ನಾವು ಉತ್ತರ ಹೇಳಲಿಲ್ಲ; ಮಾಡಿ ನೋಡಿ ತಿಳಿಸು ಎಂದಿದ್ದೇವೆ.